ಪದ ಮೊದಲು ಬಂತು, ಕವಿಗಳು ಆಮೇಲೆ

ಪ್ರಶ್ನೆ: ನಾವು ಕೆಲವರು ಸೇರಿ ಒಂದು ಸಣ್ಣ ಸಾಹಿತ್ಯ ಪತ್ರಿಕೆ ನಡೆಸುತ್ತೇವೆ. ಮುಂದಿನ ಸಂಚಿಕೆಗೆ ಐಸ್‌ಲ್ಯಾಂಡಿನ ಐವರು ಕವಿಗಳ ಕೆಲವು ಕವಿತೆಗಳನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತಂದಿದ್ದೇನೆ. ಅವರನ್ನು ಅಲ್ಲಿ 'ಆಟಂ ಕವಿಗಳು' ಎನ್ನುತ್ತಾರೆ ಎಂದು ಓದಿ, 'ಅಣುಕವಿಗಳು' ಎಂಬ ತಲೆಬರಹ ಕೊಟ್ಟೆ. ಈಗ ತಲೆನೋವು ಶುರುವಾಗಿದೆ. ಒಬ್ಬ ಗೆಳೆಯರು 'ಇವರು ಅಣುಬಾಂಬಿನ ಮೇಲೆ ಬರೆದವರಾ? ಕವಿತೆಯಲ್ಲಿ ಬಾಂಬೇ ಇಲ್ಲವಲ್ಲ' ಎಂದರು. ಇನ್ನೊಬ್ಬರು ಹನಿಗವನ ಬರೆಯುವವರು ಅಂದುಕೊಂಡರು. ಹಿರಿಯರೊಬ್ಬರು ಮಾತ್ರ 'ಅದು ಬೈಗುಳ, ನೊಬೆಲ್ ಪಡೆದ ಕಾದಂಬರಿಕಾರನೊಬ್ಬ ಅವರನ್ನು ಗೇಲಿ ಮಾಡಲು ಕಟ್ಟಿದ ಪದ, ತೆಗೆದುಬಿಡಿ' ಎಂದು ಬೇಸರದಿಂದ ಹೇಳಿದರು. ಸತ್ತುಹೋದ ಕವಿಗಳನ್ನು ತಿಳಿಯದೆ ಅವಮಾನ ಮಾಡುತ್ತಿದ್ದೇನಾ? ಈ ಪದ ಇಟ್ಟುಕೊಳ್ಳಲೋ ಬಿಡಲೋ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಐಸ್‌ಲ್ಯಾಂಡಿನ ಕವಿತೆ ಕನ್ನಡಕ್ಕೆ ಬರುವುದೇ ಅಪರೂಪ. ಬರುವಾಗ ಒಂದು ಪದದ ಮಾನ ಮರ್ಯಾದೆಯ ಬಗ್ಗೆ ಇಷ್ಟು ಯೋಚಿಸುವವರು ಇನ್ನೂ ಅಪರೂಪ. ಈ ಕವಿಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತಿದ್ದೇನೆ, ಓದಿಸುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆ ಪ್ರತಿ ತರಗತಿಯಲ್ಲೂ ಮೊದಲ ದಿನವೇ ಬರುತ್ತದೆ.

ನಿಮ್ಮ ಆತಂಕದಲ್ಲಿ ಎರಡು ಎಳೆ ಇವೆ. ಈ ಪದ ಬೈಗುಳವೇ ಎನ್ನುವುದು ಒಂದು. ಕನ್ನಡದಲ್ಲಿ ಅದನ್ನು ಹೇಗೆ ಹೇಳುವುದು ಎನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಪದ ಹುಟ್ಟಿದ ಕಥೆಯಿಂದ ಶುರು ಮಾಡುತ್ತೇನೆ. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಅದು 'ಆಟೋಮ್‌ಸ್ಕೌಲ್ಡ್'. ಹಾಲ್ಡೋರ್ ಲಾಕ್ಸ್‌ನೆಸ್ 1948ರಲ್ಲಿ 'ಆಟೋಮ್‌ಸ್ಟೊದಿನ್', ಅಂದರೆ 'ಆಟಂ ಠಾಣೆ', ಎಂಬ ಕಾದಂಬರಿ ಪ್ರಕಟಿಸಿದರು. ನಿಮ್ಮ ಹಿರಿಯರು ಹೇಳಿದ ನೊಬೆಲ್ ಕಾದಂಬರಿಕಾರ ಇವರೇ. ಆದರೆ ನೊಬೆಲ್ ಬಂದದ್ದು 1955ರಲ್ಲಿ. ಕಾದಂಬರಿಯಲ್ಲಿ ಕಥೆ ಹೇಳುವವಳು ಉಗ್ಲಾ. ಉತ್ತರದ ಹಳ್ಳಿಯ ಹುಡುಗಿ. ಆರ್ಗನ್ ನುಡಿಸಲು ಕಲಿಯಬೇಕೆಂದು ರಾಜಧಾನಿ ರೇಕ್ಯಾವಿಕ್‌ಗೆ ಬರುತ್ತಾಳೆ. ಹೊಟ್ಟೆಪಾಡಿಗೆ ಒಬ್ಬ ಸಂಸದನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಆರ್ಗನ್ ಮೇಷ್ಟ್ರ ಮನೆಗೆ ವಿಚಿತ್ರ ಜನ ಬಂದು ಹೋಗುತ್ತಾರೆ. ಅವರಲ್ಲಿ 'ದೇವರುಗಳು' ಎಂದು ಕರೆಸಿಕೊಳ್ಳುವ ಇಬ್ಬರು ಹುಡುಗರೂ ಇದ್ದಾರೆ. ಒಬ್ಬ ಬ್ರಿಲ್ಯಾಂಟೀನ್, ಇನ್ನೊಬ್ಬ ಬೆಂಜಮಿನ್. ಈ ಬೆಂಜಮಿನ್ನನೇ 'ಆಟಂ ಕವಿ'.

ಈಗ ವರ್ಷಗಳನ್ನು ಗಮನಿಸಿ. ಆಟಂ ಕವಿಗಳು ಎಂದು ಸಾಮಾನ್ಯವಾಗಿ ಎಣಿಸುವುದು ನಿಮ್ಮ ಪಟ್ಟಿಯಲ್ಲಿರುವ ಐವರನ್ನೇ. ಹಾನ್ನೆಸ್ ಸಿಗ್‌ಫೂಸ್ಸೊನ್ ಅವರ ಮೊದಲ ಸಂಕಲನ 'ದಿಂಬಿಲ್‌ವಾಕಾ' ಬಂದದ್ದು 1949ರಲ್ಲಿ. ಎಯ್ನಾರ್ ಬ್ರಾಗಿ ಅವರದು 1950ರಲ್ಲಿ. ಸಿಗ್‌ಫೂಸ್ ದಾದಾಸೊನ್ ಅವರದು 1951ರಲ್ಲಿ. ಯೋನ್ ಓಸ್ಕಾರ್ ಅವರ ಮೊದಲ ಕವಿತಾ ಸಂಕಲನಕ್ಕೆ 1953ರವರೆಗೆ ಕಾಯಬೇಕು. ಸ್ಟೆಫೌನ್ ಹೊರ್ದುರ್ ಗ್ರೀಮ್ಸೊನ್ ಒಬ್ಬರದು ಮಾತ್ರ 1946ರಲ್ಲೇ ಒಂದು ಪುಸ್ತಕ ಬಂದಿತ್ತು. ಅವರ ಹೆಸರು ನಿಂತದ್ದೂ 1951ರ 'ಸ್ವಾರ್ಟಾಲ್ಫಾದಾನ್ಸ್'ನಿಂದ, ಅಂದರೆ ಕಪ್ಪು ಯಕ್ಷರ ಕುಣಿತದಿಂದ.

ಅಂದರೆ ಕಾದಂಬರಿ ಬಂದಾಗ ಐವರಲ್ಲಿ ನಾಲ್ವರ ಕವಿತಾ ಪುಸ್ತಕವೇ ಇರಲಿಲ್ಲ! ಪದ ಮೊದಲು ಬಂತು, ಕವಿಗಳು ಆಮೇಲೆ ಬಂದರು. ತೊಟ್ಟಿಲು ಸಿದ್ಧವಾಗಿತ್ತು, ಹೆಸರೂ ಸಿದ್ಧವಾಗಿತ್ತು, ಮಗು ಇನ್ನೂ ಹುಟ್ಟಬೇಕಿತ್ತು. ಲಾಕ್ಸ್‌ನೆಸ್ ಈ ಐವರ ಗುಂಪನ್ನು ಗೇಲಿ ಮಾಡಲು ಪದ ಕಟ್ಟಿದರು ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಲಾಕ್ಸ್‌ನೆಸ್ ಹೊಸ ಕಾವ್ಯದ ಶತ್ರುವೂ ಆಗಿರಲಿಲ್ಲ. ತರುಣರಾಗಿದ್ದಾಗ ತಾವೇ ಅಂಥ ಕವಿತೆ ಬರೆದವರು. 1930ರ ಅವರ ಕವನ ಸಂಕಲನ ತೆಗೆದರೆ ಅರ್ಥದ ಹಗ್ಗ ಬಿಚ್ಚಿಟ್ಟ, ಕನಸಿನ ಹಾಗೆ ಓಡುವ ಸಾಲುಗಳು ಸಿಗುತ್ತವೆ. ಕಾದಂಬರಿಯಲ್ಲಿ ಅವರ ಸಿಟ್ಟು ನಿಜವಾಗಿ ತಿರುಗಿದ್ದು ಬೇರೆ ಕಡೆಗೆ.

ಆ ಕಡೆ ಯಾವುದು ಎಂದು ತಿಳಿಯದೆ 'ಆಟಂ' ಎಂಬ ಶಬ್ದದ ಬಿಸಿ ಗೊತ್ತಾಗುವುದಿಲ್ಲ. 1940ರ ಮೇ ತಿಂಗಳಲ್ಲಿ ಬ್ರಿಟಿಷ್ ಸೈನ್ಯ ಐಸ್‌ಲ್ಯಾಂಡಿಗೆ ಬಂದಿಳಿಯಿತು. ಮರುವರ್ಷ ಅಮೆರಿಕನ್ನರು ಬಂದರು. 1944ರ ಜೂನ್ 17ರಂದು ದೇಶ ಡೆನ್ಮಾರ್ಕಿನಿಂದ ಪೂರ್ತಿ ಬೇರೆಯಾಗಿ ಗಣರಾಜ್ಯವಾಯಿತು. ಇನ್ನೂ ಒಂದೂವರೆ ಲಕ್ಷ ಜನವೂ ಇಲ್ಲದ ದೇಶ. ಎರಡು ವರ್ಷ ಕಳೆದು ಸ್ವಲ್ಪದರಲ್ಲೇ, 1946ರಲ್ಲಿ, ಕೆಫ್ಲಾವಿಕ್ ವಿಮಾನ ನಿಲ್ದಾಣವನ್ನು ಅಮೆರಿಕದವರು ಬಳಸಲು ಬಿಡುವ ಒಪ್ಪಂದವಾಯಿತು. ಬಹಳ ಜನಕ್ಕೆ ಅದು ಸ್ವಾತಂತ್ರ್ಯವನ್ನು ಮಾರಿದ ಹಾಗೆ ಕಂಡಿತು. ಮುಂದಿನ ಯುದ್ಧದಲ್ಲಿ ತಮ್ಮ ನೆಲ ಅಣುಬಾಂಬಿನ ಅಡ್ಡೆಯಾದರೆ? ಆ ಭಯವೇ ಕಾದಂಬರಿಯ ಹೆಸರು. 1949ರ ಮಾರ್ಚ್ 30ರಂದು ನ್ಯಾಟೋ ಸೇರುವ ನಿರ್ಧಾರವಾದಾಗ ಸಂಸತ್ತಿನ ಮುಂದಿನ ಮೈದಾನದಲ್ಲಿ ಕಲ್ಲು ತೂರಾಟ ನಡೆಯಿತು, ಅಶ್ರುವಾಯು ಸಿಡಿಯಿತು. 1951ರಲ್ಲಿ ಅಮೆರಿಕದ ಸೈನ್ಯ ನೆಲೆ ಊರಲು ಮತ್ತೆ ಬಂತು.

ಹೀಗಿರುವಾಗ 'ಆಟಂ' ಎಂದರೆ ಬರೀ ವಿಜ್ಞಾನದ ಶಬ್ದ ಅಲ್ಲ. ಹೊರಗಿನಿಂದ ಬಂದದ್ದು, ನಮ್ಮನ್ನು ಕೇಳದೆ ಬಂದದ್ದು, ಇದ್ದದ್ದನ್ನೆಲ್ಲ ಪುಡಿ ಮಾಡುವಂಥದ್ದು. ಹಳೆಯದೆಲ್ಲ ಒಡೆದುಹೋಗುತ್ತಿದೆ ಎಂದು ಅನ್ನಿಸಿದ ಕಡೆಯೆಲ್ಲ ಈ ಪದ ನಾಲಿಗೆಗೆ ಸಿಕ್ಕಿತು.

ಇನ್ನೊಂದು ಸೂಕ್ಷ್ಮ ಇದೆ. ನನಗೆ ತುಂಬಾ ಇಷ್ಟವಾದದ್ದು. ಐಸ್‌ಲ್ಯಾಂಡಿನವರು ಹೊರಗಿನ ಪದವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಫೋನಿಗೆ 'ಸೀಮಿ' ಎಂದು ಹಳೆಯ ಪದವನ್ನೇ ಎಬ್ಬಿಸಿದರು. ಪರಮಾಣುವಿಗೂ ತಮ್ಮದೇ 'ಫ್ರುಮೇಯ್ಂಡ್' ಎಂಬ ಪದ ಇದೆ. ಆದರೆ ಈ ಕವಿಗಳಿಗೆ ಅಂಟಿದ್ದು ಆ ಸ್ವಂತ ಪದ ಅಲ್ಲ, 'ಆಟೋಮ್' ಎಂಬ ಹೊರಗಿನ ಪದ. ಅದರ ಪಕ್ಕದಲ್ಲಿ 'ಸ್ಕೌಲ್ಡ್'. ಅದು ಸಾವಿರ ವರ್ಷ ಹಳೆಯದು, ವೈಕಿಂಗ್ ರಾಜರ ಆಸ್ಥಾನದ ಕವಿಗಳಿಗಿದ್ದ ಹೆಸರು. ಅಜ್ಜಿಯ ಕಾಸಿನ ಸರಕ್ಕೆ ಕಾರ್ಖಾನೆಯ ನಟ್ಟು ಪೋಣಿಸಿದ ಹಾಗೆ. ಐಸ್‌ಲ್ಯಾಂಡಿನ ಕಿವಿಗೆ ಪದದ ಒಳಗೇ ಜಗಳ ಕೇಳುತ್ತದೆ. ಆ ಪದ ಅಷ್ಟು ಬೇಗ ಊರೆಲ್ಲ ಹಬ್ಬಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಈಗ ನಿಮ್ಮ ಹಿರಿಯರ ಅರ್ಧ ನಿಜ. ಪುಸ್ತಕದಿಂದ ಹೊರಬಂದ ಪದ ಬೈಗುಳವಾಗಿಯೇ ಓಡಾಡಿತು. ಹೊಸ ಬಗೆಯ ಕವಿತೆ ಎಲ್ಲಿ ಕಂಡರೂ 'ಇದೊಂದು ಆಟಂ ಕವಿತೆ' ಎಂದು ಎತ್ತಿ ಆಡಿದರು. ಪ್ರಾಸ ಇಲ್ಲ, ತಲೆಬುಡ ಇಲ್ಲ, ಯಾರು ಬೇಕಾದರೂ ಬರೆಯಬಹುದು ಎಂಬುದು ಅದರ ಅರ್ಥ. ಇವತ್ತಿಗೂ ಅರ್ಥವಾಗದ ಕವಿತೆಗೆ ಅಲ್ಲಿ ಮಾತಿನಲ್ಲಿ 'ಆಟೋಮ್‌ಲ್ಯೋದ್' ಎನ್ನುವುದುಂಟು.

ಇಷ್ಟೊಂದು ಸಿಟ್ಟು ಯಾಕೆ? ಪ್ರಾಸ ಬಿಟ್ಟರೆ ಬಿಡಲಿ, ಅಲ್ವಾ? ನಮಗೆ ಹಾಗನ್ನಿಸಬಹುದು. ಅಲ್ಲಿನ ಕಾವ್ಯದ ಕಟ್ಟು ಸ್ವಲ್ಪ ನೋಡಿದರೆ ಅವರ ನೋವು ತಿಳಿಯುತ್ತದೆ.

ಐಸ್‌ಲ್ಯಾಂಡಿನ ಪದ್ಯದ ಜೀವ ಇರುವುದು ಸಾಲಿನ ಕೊನೆಯ ಪ್ರಾಸಕ್ಕಿಂತ ಹೆಚ್ಚಾಗಿ ಪದಗಳ ಮೊದಲ ಧ್ವನಿಯಲ್ಲಿ. ಸಾಲುಗಳು ಜೋಡಿ ಜೋಡಿಯಾಗಿ ನಡೆಯುತ್ತವೆ. ಮೊದಲ ಸಾಲಿನಲ್ಲಿ ಎರಡು ಪದ ಒಂದೇ ಧ್ವನಿಯಿಂದ ಶುರುವಾಗಬೇಕು. ಅವು ಆಸರೆಯ ಕಂಬಗಳು. ಎರಡನೆಯ ಸಾಲು ಒತ್ತು ಕೊಟ್ಟು ಎತ್ತುವ ಮೊದಲ ಪದವೂ ಅದೇ ಧ್ವನಿಯದಾಗಬೇಕು. ಅದು ತಲೆಯಕ್ಷರ. ಎರಡು ಕಂಬ, ಮೇಲೊಂದು ತೊಲೆ ಎಂದುಕೊಳ್ಳಿ. ಹಳೆಗನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಕೂಡುತ್ತಿತ್ತಲ್ಲ, ಅಷ್ಟೇ ಕಟ್ಟುನಿಟ್ಟು. 1911ರ ಹೊತ್ತಿಗೆ ಗೋವಿಂದ ಪೈ ಆ ಪ್ರಾಸ ಬಿಟ್ಟಾಗ ನಮ್ಮಲ್ಲೂ ಗದ್ದಲ ಆಗಿತ್ತು. ಆದರೆ ಅಲ್ಲಿ ಈ ಕಟ್ಟು ವಿದ್ವಾಂಸರ ಸೊತ್ತಾಗಿರಲಿಲ್ಲ. ರೈತರು, ಮೀನುಗಾರರು ನಾಲ್ಕು ಸಾಲಿನ ಪದ್ಯವನ್ನು ಬಾಯಲ್ಲೇ ಕಟ್ಟುತ್ತಿದ್ದರು. ಶತಮಾನಗಳ ಬಡತನ, ಪರರ ಆಳ್ವಿಕೆ, ಉದ್ದನೆಯ ಚಳಿಗಾಲದ ರಾತ್ರಿ. ಇಷ್ಟರ ನಡುವೆ ಕೈಯಲ್ಲಿ ಉಳಿದ ಆಸ್ತಿ ಭಾಷೆಯೊಂದೇ. ಆ ಭಾಷೆಯನ್ನು ಹಿಡಿದಿಟ್ಟ ಪೆಟ್ಟಿಗೆ ಈ ಪದ್ಯ. ಸ್ವಾತಂತ್ರ್ಯ ಬಂದು ಇನ್ನೂ ಕೆಲವೇ ವರ್ಷ, ನಮ್ಮ ಮನೆ ಹುಡುಗರೇ ಆ ಪೆಟ್ಟಿಗೆ ಒಡೆಯುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು. ಆ ಸಿಟ್ಟನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ನಿಜವಾಗಿ ಪೆಟ್ಟಿಗೆ ಒಡೆದಿತ್ತಾ? ಇಲ್ಲಿ ಸ್ಟೇಯ್ನ್ ಸ್ಟೇಯ್ನಾರ್ ಅವರನ್ನು ನೋಡಲೇಬೇಕು. 1908ರಲ್ಲಿ ಹುಟ್ಟಿದವರು, ಈ ಐವರಿಗಿಂತ ಹಿರಿಯರು. 1950ರಲ್ಲಿ ಒಂದು ಸಂದರ್ಶನದಲ್ಲಿ ಹಳೆಯ ಕಾವ್ಯರೂಪ ಕೊನೆಗೂ ಸತ್ತಿತು ಎಂದು ಹೇಳಿ ಕಿಚ್ಚು ಹೊತ್ತಿಸಿದ್ದು ಅವರೇ. ಅವರ 'ಕಾಲ ಮತ್ತು ನೀರು' ಬಂದದ್ದೂ 1948ರಲ್ಲಿ, ಆಟಂ ಠಾಣೆಯ ವರ್ಷದಲ್ಲೇ. ಐಸ್‌ಲ್ಯಾಂಡಿನ ಹೊಸ ಕಾವ್ಯ ಎಂದರೆ ಮೊದಲು ನೆನಪಾಗುವ ಪುಸ್ತಕ. ಅದರಲ್ಲಿ ಒಂದು ಕಡೆ ನನ್ನ ಪ್ರಜ್ಞೆಯಿಂದ ನಿನ್ನ ತುಟಿಯವರೆಗೆ ದಾರಿಯಿಲ್ಲದ ಕಡಲು ಎಂಬ ಅರ್ಥದ ಮಾತು ಬರುತ್ತದೆ. ಮೂಲದಲ್ಲಿ ಪ್ರಜ್ಞೆಗೆ 'ವಿತುಂದ್', ತುಟಿಗೆ 'ವಾರಾ', ದಾರಿಯಿಲ್ಲದ್ದಕ್ಕೆ 'ವೆಗ್ಲೊಯ್ಸ್ತ್'. ವ, ವ, ವ. ಎರಡು ಕಂಬ, ಒಂದು ತೊಲೆ! ಹಳೆಯ ರೂಪ ಸತ್ತಿತು ಎಂದವರ ಸಾಲಿನಲ್ಲೇ ಅದು ಉಸಿರಾಡುತ್ತಿದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಮೂರು ಅಕ್ಷರಕ್ಕೆ ಸುತ್ತು ಹಾಕಿದಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಪ್ರತಿ ಸಲವೂ ಹಾಗೇ.

ಅರ್ಥವಾಗುವುದಿಲ್ಲ ಎಂಬ ದೂರೂ ಎಲ್ಲರಿಗೂ ಹೊಂದುವುದಿಲ್ಲ. ಯೋನ್ ಊರ್ ವೊರ್ 1946ರಲ್ಲೇ 'ಹಳ್ಳಿ' ಎಂಬ ಸಂಕಲನ ತಂದಿದ್ದರು. ಬಡ ಮೀನುಗಾರರ ಊರಲ್ಲಿ ಕಳೆದ ಬಾಲ್ಯದ ಕವಿತೆಗಳು. ಪ್ರಾಸ ಇಲ್ಲ, ಆದರೆ ಮಾತು ತಿಳಿನೀರಿನ ಹಾಗೆ. ಹಾನ್ನೆಸ್ ಅವರ 'ದಿಂಬಿಲ್‌ವಾಕಾ' ಅದಕ್ಕೆ ತದ್ವಿರುದ್ಧ. ಹೆಸರಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಜಾಗರಣೆ ಇದೆ. ಕವಿತೆ ಉದ್ದ, ಕತ್ತಲೆ ದಟ್ಟ. ಇಬ್ಬರಿಗೂ ಒಂದೇ ಚೀಟಿ ಅಂಟಿಸಿದರೆ ಓದುವವರಿಗೆ ಏನು ಸಿಗುತ್ತದೆ ಹೇಳಿ.

ಹಾಗಾದರೆ ಬಾಂಬಿನ ವಿಷಯ? ಬಾಂಬಿನ ನೆರಳಿನಲ್ಲಿ ಬರೆದರು ಎನ್ನಬಹುದು, ಬಾಂಬಿನ ಮೇಲೆ ಬರೆದರು ಎನ್ನಲಾಗದು. ನಿಮ್ಮ ಗೆಳೆಯರ ಅನುಮಾನ ಸರಿಯಾದದ್ದೇ. ಯೋನಾಸ್ ಸ್ವಾವೌರ್ ಎಂಬ ಕವಿ ಇದ್ದರು. ಪದಗಳ ಜೊತೆ ಆಟ ಆಡುತ್ತಿದ್ದರು, ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಬರೆಯುತ್ತಿದ್ದರು. 1957ರಲ್ಲಿ 'ವಿಕಿರಣ ಸೂಸುವ ಚಂದ್ರರು' ಎಂಬ ಹೆಸರಿನ ಪುಸ್ತಕ ತಂದರು. ಅಕ್ಷರಶಃ ಆಟಂ ಕವಿ ಯಾರು ಎಂದರೆ ನಾನು ಅವರ ಕಡೆ ಬೆರಳು ತೋರಿಸುತ್ತೇನೆ. ಅವರೋ, ಐವರ ಪಟ್ಟಿಯ ಹೊರಗೆ!

ಐವರೂ ಕೂತು ಪ್ರಣಾಳಿಕೆ ಬರೆದು ಗುಂಪು ಕಟ್ಟಿದವರಲ್ಲ ಎಂಬುದೂ ನೆನಪಿರಲಿ. ಅವರಲ್ಲಿ ಕೆಲವರನ್ನು ಹತ್ತಿರ ತಂದದ್ದು 'ಬಿರ್ಟಿಂಗುರ್' ಎಂಬ ಪತ್ರಿಕೆ. ಎಯ್ನಾರ್ ಬ್ರಾಗಿ 1953ರಲ್ಲಿ ಶುರು ಮಾಡಿದರು. 1955ರಿಂದ ಯೋನ್ ಓಸ್ಕಾರ್ ಮುಂತಾದವರೂ ಸಂಪಾದಕರಾಗಿ ಸೇರಿ 1968ರವರೆಗೆ ನಡೆಸಿದರು. ಹೊರದೇಶದ ಕವಿತೆಗಳ ಅನುವಾದ, ಹೊಸ ಚಿತ್ರಕಲೆ, ಜಗಳ, ಎಲ್ಲವೂ ಅದರಲ್ಲಿ. ಸಣ್ಣ ಪತ್ರಿಕೆ ಎಷ್ಟು ಕೆಲಸ ಮಾಡಬಹುದು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಬೈಗುಳ ಇಂದಿಗೂ ಬೈಗುಳವೇ? ಸಾಹಿತ್ಯದ ಮಾತಿನಲ್ಲಿ ಅಲ್ಲ. 1980ರಲ್ಲಿ ಎಯ್‌ಸ್ಟೇಯ್ನ್ ಥೊರ್ವಾಲ್ಡ್‌ಸೊನ್ ಈ ಕವಿಗಳ ಮೇಲೆ ಬರೆದ ದೊಡ್ಡ ಅಧ್ಯಯನದ ಹೆಸರೇ 'ಆಟಂ ಕವಿಗಳು'. ಆ ಹೊತ್ತಿಗೆ ಪದದ ಮುಳ್ಳು ಸವೆದಿತ್ತು. ಈಗ ಸಾಹಿತ್ಯ ಚರಿತ್ರೆಯಲ್ಲಿ ಅದು ಒಂದು ಕಾಲದ ಹೆಸರು, ಗೌರವದಿಂದಲೇ ಬಳಸುತ್ತಾರೆ. ಹಾಗಾಗಿ ನೀವು ಯಾರನ್ನೂ ಅವಮಾನಿಸಿಲ್ಲ. ಸಮಾಧಾನವಾಗಿರಿ.

ಇನ್ನು ಕನ್ನಡದ ಪದ. ನಿಜವಾದ ತೊಡಕು ಇಲ್ಲೇ.

'ಅಣುಕವಿ' ನನಗೆ ಸರಿ ಕಾಣುವುದಿಲ್ಲ. 'ಅಣುಬಾಂಬ್' ಎನ್ನುವಾಗ ಅಣು ದೊಡ್ಡದಾಗಿಯೇ ಕೇಳುತ್ತದೆ. ಕವಿಯ ಪಕ್ಕ ಕೂತರೆ ಸಣ್ಣದು ಎಂದೇ ಕೇಳುತ್ತದೆ. ಹನಿಗವನ ನೆನಪಾದದ್ದು ನಿಮ್ಮ ಗೆಳೆಯರ ತಪ್ಪಲ್ಲ. ಇನ್ನೊಂದು ಅಪಾಯವೂ ಇದೆ. ಬೇಗ ಓದಿದರೆ 'ಅಣಕು ಕವಿ' ಎಂದು ಕಣ್ಣಿಗೆ ಬೀಳುತ್ತದೆ. ಮುದ್ರಣದಲ್ಲಿ ಒಂದು ಕೊಂಬು ಹೋದರೆ ಕಥೆ ಮುಗಿಯಿತು. ಮೂಲದಲ್ಲೇ ಗೇಲಿಯ ವಾಸನೆ ಇರುವಾಗ ನಾವು ಇನ್ನಷ್ಟು ಸೇರಿಸುವುದು ಬೇಡ.

'ಪರಮಾಣು ಕವಿಗಳು' ವಿಜ್ಞಾನದ ಲೆಕ್ಕಕ್ಕೆ ಸರಿ. ಆದರೆ ಪಠ್ಯಪುಸ್ತಕದ ಪದ, ಬೀದಿಯ ಬೈಗುಳದ ಬಿಸಿ ಅದಕ್ಕಿಲ್ಲ. ಸಾಲದ್ದಕ್ಕೆ ಅದು ಐಸ್‌ಲ್ಯಾಂಡಿನವರ 'ಫ್ರುಮೇಯ್ಂಡ್'ಗೆ ಸಮ. ಅವರು ಬಳಸದ ಪದಕ್ಕೆ ನಾವು ಅನುವಾದ ಕೊಟ್ಟ ಹಾಗಾಗುತ್ತದೆ.

'ಐಸ್‌ಲ್ಯಾಂಡಿನ ನವ್ಯ ಕವಿಗಳು' ಎಂದರೆ ಓದುಗರಿಗೆ ತಕ್ಷಣ ಹಿಡಿತ ಸಿಗುತ್ತದೆ. ನಾನೂ ಒಂದು ಕಾಲಕ್ಕೆ ಹಾಗೇ ಬರೆಯುತ್ತಿದ್ದೆ. ಈಗ ಹಿಂಜರಿಯುತ್ತೇನೆ. ನವ್ಯ ಎಂದ ಕೂಡಲೇ ಅಡಿಗರು ಬಂದು ಕೂರುತ್ತಾರೆ. ಅವರ ದನಿ, ಅವರ ಸಿಟ್ಟು, ನಮ್ಮ ನಾಡಿನ ಜಗಳ ಎಲ್ಲ ಜೊತೆಗೆ ಬರುತ್ತದೆ. ಸ್ಟೆಫೌನ್ ಹೊರ್ದುರ್ ಸಮುದ್ರದಲ್ಲಿ ಮೀನು ಹಿಡಿದು ಬದುಕಿದ ಮನುಷ್ಯ, ಬಹಳ ಮೆಲ್ಲಗೆ ಮಾತಾಡುವ ಕವಿ. ಅವರನ್ನು ಅಡಿಗರ ಕಿವಿಯಿಂದ ಕೇಳಿದರೆ ಕೇಳಿಸುವುದೇ ಇಲ್ಲ.

ನನ್ನ ಆಯ್ಕೆ 'ಆಟಂ ಕವಿಗಳು'. ಅಲ್ಲಿನ ಹಾಗೇ ಇಲ್ಲೂ ಒಂದು ಹೊರಗಿನ ಪದ, ಒಂದು ಹಳೆಯ ಪದ. ಪೋಣಿಸಿದ್ದು ಸರಿಹೊಂದದೆ ಸ್ವಲ್ಪ ಕರಕರ ಎನ್ನುತ್ತದೆ. ಎನ್ನಲಿ, ಅದೇ ಬೇಕು. ದೀಪಾವಳಿಯ ಆಟಂಬಾಂಬು ಪಟಾಕಿ ಯಾರಿಗಾದರೂ ನೆನಪಾಗಬಹುದು. ಆ ಅಪಾಯ ಇದೆ. ತಲೆಬರಹದ ಕೆಳಗೆ ಮೂರು ಸಾಲು ಬರೆದರೆ ಅದು ಹೋಗುತ್ತದೆ: ಈ ಹೆಸರು 1948ರ ಒಂದು ಕಾದಂಬರಿಯಿಂದ ಬಂತು, ಹೊಸ ಕಾವ್ಯವನ್ನು ಒಪ್ಪದವರು ಅದನ್ನು ಬೈಗುಳವಾಗಿ ಬಳಸಿದರು, ಕವಿಗಳು ತಾವಾಗಿ ಇಟ್ಟುಕೊಂಡದ್ದಲ್ಲ. ಅಷ್ಟು ಸಾಕು. ಪ್ರತಿ ಕವಿತೆಯ ಕೆಳಗೆ ಆ ಕವಿಯ ಹೆಸರು, ಪುಸ್ತಕ, ವರ್ಷ ಹಾಕಿ. ಆಗ ಓದುಗರು ಐವರನ್ನೂ ಒಂದೇ ಮುದ್ದೆ ಮಾಡುವುದಿಲ್ಲ.

ಕೊನೆಗೆ ನನ್ನದೊಂದು ಕೋರಿಕೆ. ನಿಮ್ಮ ಪಟ್ಟಿಯಲ್ಲಿ ಐವರೂ ಗಂಡಸರು. ತಪ್ಪು ನಿಮ್ಮದಲ್ಲ, ಪಟ್ಟಿ ಇಂಗ್ಲಿಷಿಗೆ ಬಂದದ್ದೇ ಹಾಗೆ. 'ಸ್ಕೌಲ್ಡ್' ಎಂಬ ಪದ ಮಾತ್ರ ಆ ಭಾಷೆಯಲ್ಲಿ ನಪುಂಸಕಲಿಂಗ, ಹೆಣ್ಣಿಗೂ ಗಂಡಿಗೂ ಒಂದೇ. ಆರ್ನ್‌ಫ್ರೀದುರ್ ಯೋನಾತಾನ್ಸ್‌ದೋತ್ತಿರ್ ಎಂಬ ಕವಿ 1958ರಲ್ಲಿ ಒಂದು ಪುಸ್ತಕ ತಂದರು. ಪಟ್ಟಿ ಮಾಡುವವರು ಅವರನ್ನು ಬಹಳ ಕಾಲ ಮರೆತರು. ಪುಸ್ತಕದ ಹೆಸರಿನ ಅರ್ಥ 'ಮನೆಯ ಹೊಸ್ತಿಲು ಒಂದು ಅರ', ಬಡಗಿಯೋ ಕಮ್ಮಾರನೋ ಉಜ್ಜಲು ಬಳಸುವ ಅರ. ದಾಟಿದಾಗಲೆಲ್ಲ ಕಾಲು ಸವೆಸುವ ಹೊಸ್ತಿಲು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವ ಊರಿನವಳಾದ ನನಗೆ ಮೊದಲ ಸಲ ಓದಿದಾಗ ಮೈ ಝುಮ್ಮೆಂದಿತ್ತು. ಮೂಲದಲ್ಲಿ ಹೊಸ್ತಿಲಿಗೆ 'ಥ್ರೊಸ್ಕುಲ್ದುರ್', ಅರಕ್ಕೆ 'ಥ್ಯೊಲ್'. ನೋಡಿ, ಇಲ್ಲೂ ಎರಡು ಕಂಬ ನಿಂತಿವೆ. ಜಾಗ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ಹೆಸರನ್ನು ಕನ್ನಡಕ್ಕೆ ತರುವಾಗ 'ಅರ' ಎಂಬ ಪದ ಬಿಡಬೇಕಾದರೂ ಪರವಾಗಿಲ್ಲ, ಆ ಎರಡು ಕಂಬ ಬೀಳದ ಹಾಗೆ ನೋಡಿ. ನಾನು ಹೀಗೆ ಮಾಡಿಕೊಂಡಿದ್ದೇನೆ: 'ಹೆರೆಯುವ ಹೊಸ್ತಿಲು'.